ಹಳೆಯ ಅಣೆಕಟ್ಟು, ಹೊಸ ಲೆಕ್ಕ

(ಉಡುಪಿಯಲ್ಲಿ ವಿದ್ಯಾರ್ಥಿಗಳು ಮತ್ತು ಕೃಷಿಕರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸ. ಓದಿಗೆ ಹೊಂದುವಂತೆ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಭೆ ಶುರುವಾಗುವ ಮೊದಲು ಹೊರಗೆ ಚಹಾ ಕುಡಿಯುತ್ತಿದ್ದಾಗ ಬೈಂದೂರು ಕಡೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಶರಾವತಿ, ವಾರಾಹಿಯ ಕರೆಂಟು ಮಳೆಯ ನೀರಿನದ್ದೇ ಅಲ್ಲವೇ? ಮಳೆ ವರ್ಷ ವರ್ಷವೂ ಬರುತ್ತದೆ. ಹಾಗಿದ್ದ ಮೇಲೆ ಅದನ್ನು ನವೀಕರಿಸಬಹುದಾದ ಇಂಧನ ಎಂದು ಒಪ್ಪಲು ಸರ್ಕಾರ 2019ರವರೆಗೆ ಏಕೆ ಕಾಯಿತು?" ನಾನು ಸಿದ್ಧಪಡಿಸಿಕೊಂಡು ಬಂದಿದ್ದ ಪೀಠಿಕೆಯನ್ನು ಅಲ್ಲಿಯೇ ಬಿಟ್ಟೆ. ಇವತ್ತು ಹೇಳಬೇಕಾದದ್ದೆಲ್ಲ ಆ ಪ್ರಶ್ನೆಯೊಳಗೇ ಇದೆ.

ಮಳೆಯ ನೀರು ಮತ್ತೆ ಮತ್ತೆ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾನೂನು ಕೇಳುತ್ತಿರುವುದು ಅದನ್ನಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 86ನೇ ಸೆಕ್ಷನ್ ರಾಜ್ಯಗಳ ನಿಯಂತ್ರಣ ಆಯೋಗಗಳಿಗೆ ಒಂದು ಕೆಲಸ ವಹಿಸಿದೆ: ನಿಮ್ಮ ವ್ಯಾಪ್ತಿಯ ಎಸ್ಕಾಂಗಳು, ಅಂದರೆ ವಿದ್ಯುತ್ ಸರಬರಾಜು ಕಂಪನಿಗಳು, ಮಾರುವ ವಿದ್ಯುತ್ತಿನಲ್ಲಿ ಇಂತಿಷ್ಟು ಪಾಲನ್ನು ನವೀಕರಿಸಬಹುದಾದ ಮೂಲಗಳಿಂದಲೇ ಕೊಳ್ಳಬೇಕು ಎಂದು ಗೊತ್ತುಪಡಿಸಿ. ಇದನ್ನೇ ಖರೀದಿ ಬಾಧ್ಯತೆ ಎನ್ನುತ್ತಾರೆ. ನಮ್ಮ ಮೆಸ್ಕಾಂಗೂ ಅದು ಅನ್ವಯಿಸುತ್ತದೆ. ಆ ಬಾಧ್ಯತೆಯನ್ನು ತಂದ ಉದ್ದೇಶ ಇರುವುದನ್ನು ಎಣಿಸುವುದಲ್ಲ, ಇಲ್ಲದ್ದನ್ನು ಕಟ್ಟಿಸುವುದು. ಮಗನಿಗೆ "ಈ ವರ್ಷ ತೋಟದಲ್ಲಿ ಇಪ್ಪತ್ತು ತೆಂಗಿನ ಸಸಿ ನೆಡು" ಎಂದು ಹೇಳುತ್ತೀರಿ. ಅವನು ಅಜ್ಜ ನೆಟ್ಟ ಮರಗಳನ್ನು ಎಣಿಸಿ, ಇಪ್ಪತ್ತಲ್ಲ, ಅರವತ್ತು ಇವೆ ಎಂದು ತೋರಿಸುತ್ತಾನೆ. ಮರಗಳು ಸುಳ್ಳಲ್ಲ. ಅಜ್ಜನ ಶ್ರಮವೂ ಸುಳ್ಳಲ್ಲ. ಆದರೆ ಸಸಿ ನೆಟ್ಟಂತಾಗಲಿಲ್ಲ.

ನಮ್ಮ ರಾಜ್ಯದ ಮಟ್ಟಿಗೆ ಅಜ್ಜನ ಮರಗಳು ಬಹಳ ದೊಡ್ಡವು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಶರಾವತಿ ವಿದ್ಯುದಾಗಾರ ಒಂದರದೇ ಸಾಮರ್ಥ್ಯ 1035 ಮೆಗಾವಾಟ್. ಕಾಳಿ ಕಣಿವೆಯಲ್ಲಿ ನಾಗಝರಿ, ಕದ್ರಾ, ಕೊಡಸಳ್ಳಿ ಇವೆ. ನಮ್ಮದೇ ಜಿಲ್ಲೆಯ ಹೊಸಂಗಡಿಯಲ್ಲಿ 460 ಮೆಗಾವಾಟಿನ ವಾರಾಹಿ ಇದೆ. ಕರ್ನಾಟಕ ವಿದ್ಯುತ್ ನಿಗಮದ ಜಲವಿದ್ಯುತ್ ಸಾಮರ್ಥ್ಯವೇ ಮೂರೂವರೆ ಸಾವಿರ ಮೆಗಾವಾಟ್ ದಾಟುತ್ತದೆ. ಇದನ್ನೆಲ್ಲ ಬಾಧ್ಯತೆಯ ಲೆಕ್ಕಕ್ಕೆ ಹಾಕಿದ್ದರೆ ಆರಂಭದ ಆ ಸಣ್ಣ ಗುರಿಗಳು ಒಂದೇ ಒಂದು ಸೌರ ಫಲಕ ಕೂರಿಸದೆ ಮುಟ್ಟಿಹೋಗುತ್ತಿದ್ದವು. ಪಾವಗಡದ ಬಯಲಿನಲ್ಲಿ ಇಂದು ಕಾಣುವ ಸೌರ ಪಾರ್ಕ್ ಹುಟ್ಟಲು ಕಾರಣವೇ ಇರುತ್ತಿರಲಿಲ್ಲ.

ಇದೇ ಸಂಕಟವನ್ನು ಅಮೆರಿಕದ ರಾಜ್ಯಗಳು ನಮಗಿಂತ ಮೊದಲು ಅನುಭವಿಸಿವೆ. ಅಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಖರೀದಿ ಬಾಧ್ಯತೆಯ ಕಾನೂನು ಇಲ್ಲ. ಪ್ರತಿ ರಾಜ್ಯವೂ ತನ್ನ ಶಾಸನ ತಾನೇ ಮಾಡಿಕೊಂಡಿದೆ. ಹಾಗಾಗಿ ಒಂದೇ ನೀರು ಒಂದು ರಾಜ್ಯದ ಗಡಿಯೊಳಗೆ ನವೀಕರಿಸಬಹುದಾದದ್ದು, ಗಡಿ ದಾಟಿದರೆ ಅಲ್ಲ. ವಾಷಿಂಗ್ಟನ್ ರಾಜ್ಯದ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ದೇಶದ ರಾಜಧಾನಿ ವಾಷಿಂಗ್ಟನ್ ಅಲ್ಲ, ಪಶ್ಚಿಮ ಕರಾವಳಿಯ ರಾಜ್ಯ. ಕೊಲಂಬಿಯಾ ನದಿಯ ಮೇಲಿನ ಅಣೆಕಟ್ಟುಗಳಿಂದಾಗಿ ಅಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಬಹುಪಾಲು ನೀರಿನದ್ದೇ. 2006ರಲ್ಲಿ ಅಲ್ಲಿನ ಮತದಾರರು ನೇರ ಮತದಾನದ ಮೂಲಕ ಒಂದು ಕಾನೂನು ತಂದರು: ದೊಡ್ಡ ವಿದ್ಯುತ್ ಸಂಸ್ಥೆಗಳು 2020ರ ಹೊತ್ತಿಗೆ ನೂರಕ್ಕೆ 15 ಪಾಲು ನವೀಕರಿಸಬಹುದಾದ ಮೂಲದಿಂದ ಪಡೆಯಬೇಕು, ಆದರೆ ಹಳೆಯ ಅಣೆಕಟ್ಟಿನ ವಿದ್ಯುತ್ ಈ ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ಅಣೆಕಟ್ಟಿನ ಮಾಲೀಕರಿಗೆ ಒಂದು ಬಾಗಿಲನ್ನು ಮಾತ್ರ ತೆರೆದಿಟ್ಟರು. ಅದೇ ಅಣೆಕಟ್ಟಿನಲ್ಲಿ ಯಂತ್ರ ಸುಧಾರಿಸಿ, ಅದೇ ನೀರಿನಿಂದ ಹೆಚ್ಚು ವಿದ್ಯುತ್ ತೆಗೆದರೆ ಆ ಹೆಚ್ಚಿನ ಭಾಗವನ್ನು ಎಣಿಸಬಹುದು. ಈ ನಿಯಮ ನನಗೆ ಬಹಳ ಹಿಡಿಸಿದೆ. ನಮ್ಮ ನಾಗಝರಿಯಲ್ಲಿ 135 ಮೆಗಾವಾಟಿನ ಘಟಕಗಳನ್ನು 150ಕ್ಕೆ ಏರಿಸಿದ ಕೆಲಸವೂ ಇದೇ ಬಗೆಯದ್ದು. ಹೊಸದಾಗಿ ಒಂದು ಗುಂಟೆ ಕಾಡೂ ಮುಳುಗಲಿಲ್ಲ.

ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿಯಿತು. ಅಲ್ಲಿ 30 ಮೆಗಾವಾಟ್ ಒಳಗಿನ ಜಲವಿದ್ಯುತ್ ಘಟಕಗಳು ನವೀಕರಿಸಬಹುದಾದವು, ಅದಕ್ಕಿಂತ ದೊಡ್ಡವು ಸಾಮಾನ್ಯವಾಗಿ ಅಲ್ಲ. 2018ರ ಶಾಸನ ಇದಕ್ಕೆ ಇನ್ನೊಂದು ಪದರ ಸೇರಿಸಿತು: 2030ಕ್ಕೆ ನೂರಕ್ಕೆ 60ರಷ್ಟು ನವೀಕರಿಸಬಹುದಾದ ಇಂಧನ ಎಂಬ ಗುರಿಗೆ ದೊಡ್ಡ ಅಣೆಕಟ್ಟು ಸಲ್ಲುವುದಿಲ್ಲ, ಆದರೆ 2045ಕ್ಕೆ ಪೂರ್ತಿ ಇಂಗಾಲರಹಿತ ವಿದ್ಯುತ್ ಎಂಬ ಗುರಿಗೆ ಸಲ್ಲುತ್ತದೆ. ವರ್ಮಾಂಟ್ ಎಂಬ ಪುಟ್ಟ ರಾಜ್ಯ 2010ರಲ್ಲಿಯೇ ಗಾತ್ರದ ಮಿತಿಯನ್ನು ತೆಗೆದುಹಾಕಿ, ಕೆನಡಾದ ಕ್ವಿಬೆಕ್ ಪ್ರಾಂತದ ಬೃಹತ್ ಅಣೆಕಟ್ಟುಗಳ ವಿದ್ಯುತ್ತನ್ನು ನವೀಕರಿಸಬಹುದಾದದ್ದು ಎಂದು ಒಪ್ಪಿತು. ಮುಂದೆ 2015ರಲ್ಲಿ ಗುರಿಯನ್ನೇ ಎರಡು ಕೋಣೆ ಮಾಡಿತು. ಮೊದಲನೆಯದರಲ್ಲಿ ಹಳೆಯದು, ಹೊಸದು, ದೊಡ್ಡದು, ಸಣ್ಣದು ಎಲ್ಲಕ್ಕೂ ಜಾಗ. ಎರಡನೆಯದರಲ್ಲಿ ರಾಜ್ಯದೊಳಗಿನ ಹೊಸ, ಸಣ್ಣ ಘಟಕಗಳಿಗೆ ಮಾತ್ರ.

ಕ್ವಿಬೆಕ್ ಎಂದಾಗ ಒಂದು ಮಾತು ನೆನಪಾಗುತ್ತದೆ. ಅದೇ ಪ್ರಾಂತದಿಂದ 1200 ಮೆಗಾವಾಟ್ ವಿದ್ಯುತ್ತನ್ನು ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಒಯ್ಯುವ ಮಾರ್ಗ ಮಧ್ಯದ ಮೇನ್ ರಾಜ್ಯದ ಕಾಡುಗಳ ಮೂಲಕ ಹಾದು ಹೋಗಬೇಕಿತ್ತು. 2021ರಲ್ಲಿ ಮೇನ್‌ನ ಜನ ಅದರ ವಿರುದ್ಧ ಮತ ಹಾಕಿದರು. ಕೊಳ್ಳುವವರ ಲೆಕ್ಕದಲ್ಲಿ ಅದು ಶುದ್ಧ ವಿದ್ಯುತ್, ದಾರಿಯಲ್ಲಿರುವವರ ಲೆಕ್ಕದಲ್ಲಿ ಕಡಿದ ಕಾಡು. ಉಡುಪಿ–ಕಾಸರಗೋಡು 400 ಕಿಲೋವೋಲ್ಟ್ ಮಾರ್ಗದ ವಿರುದ್ಧ ತೋಟ ಉಳಿಸಿಕೊಳ್ಳಲು ನಿಂತಿರುವ ನಮ್ಮ ಕೃಷಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ಕಡೆಗೆ ಬರುತ್ತೇನೆ. ವಿದ್ಯುತ್ ನಮ್ಮ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರ ದಿಕ್ಕು ತೋರಿಸುತ್ತದೆ, ರಾಜ್ಯದ ಆಯೋಗ ಅಂಕಿ ಇಡುತ್ತದೆ. ನಮ್ಮಲ್ಲಿ ಗೆರೆ 25 ಮೆಗಾವಾಟ್. ಅದರ ಒಳಗಿನದು ಕಿರು ಜಲವಿದ್ಯುತ್, 1999ರಿಂದ ನವೀಕರಿಸಬಹುದಾದ ಇಂಧನ ನೋಡಿಕೊಳ್ಳುವ ಸಚಿವಾಲಯದ ಪಾಲು. ಅದರ ಮೇಲಿನದು ವಿದ್ಯುತ್ ಸಚಿವಾಲಯದ ಪಾಲು. ಇಪ್ಪತ್ತು ವರ್ಷ ನವೀಕರಿಸಬಹುದಾದದ್ದಕ್ಕೂ ಅಲ್ಲದ್ದಕ್ಕೂ ನಡುವಿನ ಗಡಿ ಇದಾಗಿತ್ತು. ನದಿ ಹರಿಯುತ್ತದೆಯೇ, ಕಾಡು ಉಳಿಯುತ್ತದೆಯೇ ಎಂಬುದನ್ನು ನೋಡಿ ಎಳೆದ ಗಡಿಯಲ್ಲ ಇದು.

ಈ 25ಕ್ಕೆ ಇನ್ನೊಂದು ಗುಣವೂ ಇದೆ. ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 25 ಮೆಗಾವಾಟಿಗಿಂತ ಕಡಿಮೆಯ ಜಲವಿದ್ಯುತ್ ಯೋಜನೆಗೆ ಪರಿಸರ ಅನುಮತಿ ಬೇಡ. ಕಾಡಿನ ಜಾಗ ಬೇಕಾದರೆ ಅರಣ್ಯ ಅನುಮತಿ ಬೇಕು, ಅದು ಬೇರೆ ಮಾತು. ಆದರೆ ಹೊಳೆಗೆ ಏನಾಗುತ್ತದೆ ಎಂಬ ಅಧ್ಯಯನ, ಜನರ ಅಹವಾಲು ಸಭೆ, ಇವು ಕಡ್ಡಾಯವಲ್ಲ. ಅಂದರೆ ಒಂದೇ ಗೆರೆಯ ಒಳಗೆ ನಿಂತವರಿಗೆ ಎರಡು ಲಾಭ: ಖರೀದಿ ಬಾಧ್ಯತೆಯ ಮಾರುಕಟ್ಟೆ ಸಿಗುತ್ತದೆ, ಪರಿಶೀಲನೆ ತಪ್ಪುತ್ತದೆ. ಪಶ್ಚಿಮ ಘಟ್ಟದಿಂದ ಇಳಿಯುವ ಹೊಳೆಗಳ ಮೇಲೆ ಇಷ್ಟೊಂದು ಕಿರು ಯೋಜನೆಗಳು ಬಂದು ಕೂರಲು ಈ ಜೋಡಿ ರಿಯಾಯಿತಿಯೇ ದೊಡ್ಡ ಕಾರಣ ಎಂಬುದು ನನ್ನ ದೃಢ ಅಭಿಪ್ರಾಯ.

ನಾನು ನೋಡಿದ ಒಂದು ಜಾಗದ ಬಗ್ಗೆ ಹೇಳುತ್ತೇನೆ. ಹೆಸರು ಬೇಡ, ಘಟ್ಟದ ಬುಡದ ಒಂದು ಹೊಳೆ. ಫೆಬ್ರುವರಿ ತಿಂಗಳು. ಮೇಲೆ ಅಡ್ಡಗಟ್ಟೆ, ಅದರ ಹಿಂದೆ ಹಸಿರುಗಟ್ಟಿದ ನೀರು. ಅಲ್ಲಿಂದ ಕಾಲುವೆ ಮತ್ತು ಕೊಳವೆಯ ಮೂಲಕ ನೀರು ಗುಡ್ಡದ ಮಗ್ಗುಲು ಹಿಡಿದು ಹೋಗಿ ಕೆಳಗಿನ ವಿದ್ಯುದಾಗಾರಕ್ಕೆ ಬೀಳುತ್ತದೆ. ನಡುವಿನ ಹೊಳೆಯ ಪಾತ್ರದಲ್ಲಿ ನಾನು ಚಪ್ಪಲಿ ಒದ್ದೆಯಾಗದೆ ನಡೆದೆ. ಬಂಡೆಗಳ ಮೇಲೆ ನೀರು ನಿಂತಿದ್ದ ಎತ್ತರಕ್ಕೆ ಬಿಳಿಯ ಗೆರೆ, ಅದರ ಕೆಳಗೆ ಒಣಗಿ ಹಾಳೆಯಂತೆ ಎದ್ದ ಪಾಚಿ. ಎರಡು ಬಂಡೆಗಳ ನಡುವೆ ಒಂದು ಸಣ್ಣ ಗುಂಡಿಯಲ್ಲಿ ಕೊಳೆತ ಎಲೆಗಳ ನಡುವೆ ಬೆರಳುದ್ದದ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. ನಾನು ಬಗ್ಗಿ ನೋಡಿದಾಗಲೂ ಅವು ಓಡಲಿಲ್ಲ, ಓಡಲು ಜಾಗವೇ ಇರಲಿಲ್ಲ. ಇನ್ನೂ ಕೆಳಗೆ ಹೋದರೆ ವಿದ್ಯುದಾಗಾರದಿಂದ ನೀರು ಭೋರೆಂದು ಹೊರಗೆ ಬರುತ್ತಿತ್ತು. ಒಂದು ಹನಿಯೂ ಖರ್ಚಾಗಿಲ್ಲ, ಸರಿ. ಆದರೆ ನಾನು ನಡೆದು ಬಂದ ಅಷ್ಟು ದೂರದಲ್ಲಿ ಹೊಳೆ ಇರಲಿಲ್ಲ. ಕಾಗದದ ಮೇಲೆ ಆ ವಿದ್ಯುತ್ ಅಪ್ಪಟ ಹಸಿರು.

ನಮ್ಮವರು ಕಟ್ಟ ಕಟ್ಟುತ್ತಿದ್ದುದು ಹೀಗಲ್ಲ. ಮಳೆಗಾಲ ಕಳೆದ ಮೇಲೆ ಕಲ್ಲು, ಮಣ್ಣು, ಸೊಪ್ಪು ಹಾಕಿ ಹೊಳೆಗೆ ಅಡ್ಡ ಕಟ್ಟುತ್ತಿದ್ದರು. ಮಳೆ ಬಂದಾಗ ಅದು ಬಿಟ್ಟುಕೊಡುತ್ತಿತ್ತು. ಹೊಳೆಗೆ ವರ್ಷಕ್ಕೊಮ್ಮೆ ಬಿಡುಗಡೆ ಇತ್ತು. ಶಿಶಿಲದ ಕಪಿಲಾ ನದಿಯಲ್ಲಿ ದೇವರ ಮೀನಿಗೆ ಅಕ್ಕಿ, ಹೊದಲು ಹಾಕಿದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಆ ಜಾತಿಯ ಮೀನಿಗೆ ಮೇಲಕ್ಕೂ ಕೆಳಕ್ಕೂ ಓಡಾಡಲು ಹರಿಯುವ ತಂಪು ನೀರು ಬೇಕು. ನಡುವಿನ ಹೊಳೆ ಒಣಗಿದರೆ ದೇವಸ್ಥಾನದ ಮುಂದಿನ ಕಯ, ಅಂದರೆ ಹೊಳೆಯ ಮಡು, ಎಷ್ಟು ಆಳವಿದ್ದರೂ ಸಾಲದು.

ಹಾಗೆಂದು ದೊಡ್ಡದು ಒಳ್ಳೆಯದು ಎನ್ನುತ್ತಿಲ್ಲ. ವಾರಾಹಿಯನ್ನೇ ನೋಡಿ. ಮಾಸ್ತಿಕಟ್ಟೆಯ ಹತ್ತಿರದ ಕುಂಚಿಕಲ್ ಜಲಪಾತದ ಎತ್ತರ 455 ಮೀಟರ್ ಎಂದು ಪುಸ್ತಕಗಳು ಹೇಳುತ್ತವೆ. ಮಾಣಿ ಅಣೆಕಟ್ಟು ಬಂದ ಮೇಲೆ ಮಳೆಗಾಲ ಬಿಟ್ಟರೆ ಅದನ್ನು ಜಲಪಾತ ಎನ್ನುವಂತಿಲ್ಲ. ಅಲ್ಲಿ ಬೀಳಬೇಕಾದ ನೀರು ಹೊಸಂಗಡಿಯ ಗುಡ್ಡದೊಳಗಿನ ಭೂಗರ್ಭ ವಿದ್ಯುದಾಗಾರದಲ್ಲಿ ಬೀಳುತ್ತದೆ. ಆದರೆ ಅದೇ ವಿದ್ಯುದಾಗಾರದಿಂದ ಹೊರಬಂದ ನೀರು ಬೇಸಿಗೆಯಲ್ಲೂ ವಾರಾಹಿಯನ್ನು ಜೀವಂತವಾಗಿ ಇಟ್ಟಿದೆ. ವಾರಾಹಿ ನೀರಾವರಿ ಯೋಜನೆ ನಿಂತಿರುವುದು ಆ ನೀರಿನ ಮೇಲೆ. ಸ್ವರ್ಣಾ ನದಿಯ ಬಜೆ ಅಣೆಕಟ್ಟು ಏಪ್ರಿಲ್, ಮೇ ತಿಂಗಳಲ್ಲಿ ತಳ ಕಾಣುವಾಗ ಉಡುಪಿ ನಗರ ಆಸೆಯಿಂದ ನೋಡುವುದೂ ಅತ್ತ ಕಡೆಗೇ. ಶರಾವತಿಯಲ್ಲಿ ಕಳೆದುಕೊಂಡವರ ಲೆಕ್ಕ ಇನ್ನೂ ಭಾರ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಹಿನ್ನೀರು ಊರುಗಳನ್ನು ಮುಳುಗಿಸಿ, ಉಳಿದ ಊರುಗಳನ್ನು ದ್ವೀಪ ಮಾಡಿತು. ಸಿಗಂದೂರಿಗೆ ಹೋಗುವಾಗ ಲಾಂಚಿಗಾಗಿ ಸಾಲು ನಿಂತ ನೆನಪು ನಮಗೆಲ್ಲ ಇದೆ. ನಮಗದು ಒಂದು ದಿನದ ಯಾತ್ರೆ, ತುಮರಿಯ ಹೆಣ್ಣುಮಗಳಿಗೆ ಹೆರಿಗೆಯ ನೋವಿನಲ್ಲೂ ಅದೇ ದಾರಿ. ಅಲ್ಲಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ರಾಜ್ಯಕ್ಕೆ ಬೆಳಕು ಕೊಟ್ಟವರು ಅರವತ್ತು ವರ್ಷ ಕಾದರು.

ಆದ್ದರಿಂದ ಮೆಗಾವಾಟ್ ಎಂಬ ಅಳತೆಗೋಲು ಇಲ್ಲಿ ಕೆಲಸಕ್ಕೆ ಬರುವುದಿಲ್ಲ ಎನ್ನುತ್ತೇನೆ. ಅದು ಯಂತ್ರದ ಶಕ್ತಿಯನ್ನು ಅಳೆಯುತ್ತದೆ, ನದಿಯ ಸ್ಥಿತಿಯನ್ನಲ್ಲ. ಕೇಳಬೇಕಾದ ಪ್ರಶ್ನೆಗಳು ಎರಡು. ಯಾವಾಗ ಕಟ್ಟಿದ್ದು? ಕಟ್ಟಿದ ಮೇಲೆ ಕೆಳಗೆ ಎಷ್ಟು ನೀರು ಹರಿಯುತ್ತಿದೆ?

"ಯಾವಾಗ" ಎಂಬ ಪ್ರಶ್ನೆಗೆ 2019ರಲ್ಲಿ ನಮ್ಮ ದೇಶ ಮತ್ತು ವಾಷಿಂಗ್ಟನ್ ರಾಜ್ಯ ಎರಡು ತಿಂಗಳ ಅಂತರದಲ್ಲಿ ಪೂರ್ತಿ ವಿರುದ್ಧವಾದ ಉತ್ತರ ಕೊಟ್ಟವು. ನನಗೆ ಇಡೀ ವಿಷಯದಲ್ಲಿ ಅತ್ಯಂತ ಯೋಚನೆಗೆ ಹಚ್ಚಿದ ಸಂಗತಿ ಇದು. ಆ ವರ್ಷ ಮಾರ್ಚ್ 8ರಂದು ನಮ್ಮ ಕೇಂದ್ರ ಸರ್ಕಾರ 25 ಮೆಗಾವಾಟ್ ಮೀರಿದ ಜಲವಿದ್ಯುತ್ತನ್ನೂ ನವೀಕರಿಸಬಹುದಾದ ಇಂಧನ ಎಂದು ಘೋಷಿಸಿತು. ಜೊತೆಗೆ ಜಲವಿದ್ಯುತ್ತಿಗೇ ಪ್ರತ್ಯೇಕ ಖರೀದಿ ಬಾಧ್ಯತೆ ತಂದು, ಆ ದಿನದ ನಂತರ ಕಾರ್ಯಾರಂಭ ಮಾಡಿದ ಯೋಜನೆಗಳಿಗೆ ಮಾತ್ರ ಅದು ಎಂದಿತು. ಹೊಸದು ಬಾ, ಹಳೆಯದು ಹೊರಗಿರು. ಅತ್ತ ವಾಷಿಂಗ್ಟನ್ ರಾಜ್ಯ 2045ಕ್ಕೆ ಪೂರ್ತಿ ಶುದ್ಧ ವಿದ್ಯುತ್ ಎಂಬ ಶಾಸನ ಮಾಡಿ, ಮೊದಲು ಹೊರಗಿಟ್ಟಿದ್ದ ಹಳೆಯ ಅಣೆಕಟ್ಟುಗಳನ್ನು ಒಳಗೆ ಕರೆದುಕೊಂಡಿತು. ಆದರೆ 2019ರ ಮೇ 7ರ ನಂತರ ಕಟ್ಟುವ ಹೊಸ ಅಣೆಕಟ್ಟು, ನದಿಯ ನೀರನ್ನು ತಿರುಗಿಸುವ ಹೊಸ ಕಾಮಗಾರಿ ಲೆಕ್ಕಕ್ಕಿಲ್ಲ ಎಂದಿತು. ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಕೆಳಗೆ ಬಿಡುವ ಪಂಪ್ಡ್ ಸ್ಟೋರೇಜಿಗೆ ಮಾತ್ರ ವಿನಾಯಿತಿ, ಅದೂ ಮೀನುಗಳ ಪುನಶ್ಚೇತನ ಯೋಜನೆಗೆ ಅಡ್ಡಿಯಾಗದಿದ್ದರೆ. ಹಳೆಯದು ಬಾ, ಹೊಸದು ಬೇಡ.

ಎರಡಕ್ಕೂ ಅದರದರ ತರ್ಕವಿದೆ. ಅವರು ನದಿಗಳನ್ನೆಲ್ಲ ಕಟ್ಟಿ ಮುಗಿಸಿ, ಸಾಲ್ಮನ್ ಮೀನು ಕಳೆದುಕೊಂಡು, 2011ರಿಂದ 2014ರ ನಡುವೆ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು ಒಡೆದು ತೆಗೆದವರು. ನಾವು ಹಿಮಾಲಯದಲ್ಲಿ ಅರ್ಧಕ್ಕೆ ನಿಂತ ಯೋಜನೆಗಳಿಗೆ ಕೊಳ್ಳುವವರನ್ನು ಹುಡುಕುತ್ತಿದ್ದವರು. ಆದರೆ ಹಿಮಾಲಯಕ್ಕಾಗಿ ಬರೆದ ನಿಯಮ ಪಶ್ಚಿಮ ಘಟ್ಟಕ್ಕೂ ಅನ್ವಯಿಸುತ್ತದೆ. ಗುಂಡ್ಯದಲ್ಲಿ 200 ಮೆಗಾವಾಟಿನ ಯೋಜನೆಗೆ ಅವಕಾಶ ಕೊಡಬಾರದು ಎಂದು ಮಾಧವ ಗಾಡ್ಗೀಳ್ ನೇತೃತ್ವದ ತಜ್ಞರ ಸಮಿತಿ 2011ರಲ್ಲಿ ಹೇಳಿತ್ತು. ಅಂಥ ಜಾಗಕ್ಕೂ ಹಿಮಾಲಯದ ಜಾಗಕ್ಕೂ ಒಂದೇ ಪ್ರೋತ್ಸಾಹ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಕೇಂದ್ರ ಸರ್ಕಾರದ 2023ರ ಅಕ್ಟೋಬರ್ ಅಧಿಸೂಚನೆ ಚಿತ್ರವನ್ನು ಮತ್ತೆ ಬದಲಿಸಿತು. 2024–25ಕ್ಕೆ ಒಟ್ಟು ಗುರಿ ನೂರಕ್ಕೆ 29.91, 2029–30ಕ್ಕೆ 43.33. ಅದರಲ್ಲಿ ಹೊಸ ಜಲವಿದ್ಯುತ್ತಿನ ಪಾಲು ಬರೀ 1.33. 'ಇತರೆ' ಎಂಬ ದೊಡ್ಡ ಕೋಣೆಯ ಪಾಲು 34.02. ಆ ಕೋಣೆಯಲ್ಲಿ ಸೂರ್ಯನ ಜೊತೆಗೆ 2024ರ ಏಪ್ರಿಲ್‌ಗಿಂತ ಹಳೆಯ ಜಲವಿದ್ಯುತ್ ಯೋಜನೆಗಳೂ ಕೂರುತ್ತವೆ. ಅಂದರೆ ಅಜ್ಜನ ಮರಗಳು ಲೆಕ್ಕಕ್ಕೆ ಬಂದವು. ಸಸಿಗಳ ಸಂಖ್ಯೆಯನ್ನೂ ಜೊತೆಗೆ ಏರಿಸಿದ್ದಾರೆ, ಅದನ್ನು ಮುಚ್ಚಿಡಬಾರದು. ಆದರೆ ಬಾಗಿಲ ಹೊರಗೆ ನಿಂತು ನೋಡುವವರಿಗೆ ಆ ಕೋಣೆಯೊಳಗೆ ಹಳೆಯದೆಷ್ಟು, ಹೊಸದೆಷ್ಟು ಎಂದು ಕಾಣುವುದಿಲ್ಲ. ಇನ್ನೊಂದು ತೊಡಕು ಮಳೆಯದ್ದು. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಮಳೆಗಾಲದಲ್ಲಿ ನಾವು ಪತ್ರಿಕೆಯಲ್ಲಿ ಆ ಅಂಕಿಗಾಗಿ ಕಣ್ಣಾಡಿಸುತ್ತೇವೆ. 2023ರಂತೆ ಮಳೆ ಕೈಕೊಟ್ಟ ವರ್ಷ ಹಳೆಯ ಜಲವಿದ್ಯುತ್ ಇಳಿಯುತ್ತದೆ, ಮಳೆ ಚೆನ್ನಾದ ವರ್ಷ ಯಾರೂ ಏನೂ ಮಾಡದೆ ಗುರಿಯತ್ತ ಏರುತ್ತದೆ. ಆಗ ಎಸ್ಕಾಂನ ಸಾಧನೆ ಯಾವುದು, ಆಗುಂಬೆಯ ಮಳೆಯ ಸಾಧನೆ ಯಾವುದು ಎಂದು ಬೇರ್ಪಡಿಸುವುದು ಹೇಗೆ?

ಪಂಪ್ಡ್ ಸ್ಟೋರೇಜ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, ಸಿಂಗಳೀಕದ ಅಭಯಾರಣ್ಯದೊಳಗೆ, 2000 ಮೆಗಾವಾಟಿನ ಯೋಜನೆಯ ಪ್ರಸ್ತಾವ ನಿಮಗೆ ಗೊತ್ತು. ವಿದ್ಯುತ್ ಹೆಚ್ಚಿರುವಾಗ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವುದು. ಮೇಲೆತ್ತಲು ನಾಲ್ಕು ಯೂನಿಟ್ ಕೊಟ್ಟರೆ ಮರಳಿ ಸಿಗುವುದು ಸುಮಾರು ಮೂರು. ಇದು ಉಗ್ರಾಣ, ಗದ್ದೆಯಲ್ಲ. ಉಗ್ರಾಣ ಬೇಡವೆನ್ನಲಾರೆ, ರಾತ್ರಿಗೆ ಬಿಸಿಲನ್ನು ಕೂಡಿಡಬೇಕಲ್ಲ. ಆದರೆ ಅಧಿಸೂಚನೆ ಇದನ್ನು ಜಲವಿದ್ಯುತ್ತಿನ ಪಾಲಿನಲ್ಲಿ ಸೇರಿಸಿದೆ. ಮೇಲೆತ್ತಲು ಬಳಸಿದ ವಿದ್ಯುತ್ ಯೆಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ ಕಲ್ಲಿದ್ದಲಿನಂಥದ್ದಾದರೆ ಕೆಳಗೆ ಬರುವ ನೀರು ಅದನ್ನು ತೊಳೆದು ಹಸಿರು ಮಾಡಲಾರದು. ಯಾವ ವಿದ್ಯುತ್ತಿನಿಂದ ಎತ್ತಿದ್ದು ಎಂಬುದೇ ಅದರ ಗುರುತಾಗಬೇಕು.

ಉಪನ್ಯಾಸದ ನಂತರ ಬೆಳ್ತಂಗಡಿ ಕಡೆಯ ಕೃಷಿಕರೊಬ್ಬರು ಎದ್ದು ನಿಂತು, "ಇದೆಲ್ಲ ದಿಲ್ಲಿಯಲ್ಲಿ, ಬೆಂಗಳೂರಿನಲ್ಲಿ ತೀರ್ಮಾನವಾಗುವಂಥದ್ದು. ನಾವು ಇಲ್ಲಿ ಕುಳಿತು ಎಂತ ಮಾಡುವುದು ಮಾರಾಯರೇ?" ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಮೆಸ್ಕಾಂ ದರ ಪರಿಷ್ಕರಣೆಯ ಅರ್ಜಿ ಹಾಕಿದಾಗ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಮಂಗಳೂರಿಗೆ ಬಂದು ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾವ ಗ್ರಾಹಕನೂ ಲಿಖಿತ ಆಕ್ಷೇಪಣೆ ಕೊಟ್ಟು ಮಾತನಾಡಬಹುದು. ಅಲ್ಲಿ ನಾವು ಸಾಮಾನ್ಯವಾಗಿ ಯೂನಿಟ್ಟಿಗೆ ಎಷ್ಟು ಪೈಸೆ ಏರಿತು ಎಂಬುದನ್ನು ಮಾತ್ರ ಕೇಳುತ್ತೇವೆ. ಮುಂದಿನ ವಿಚಾರಣೆಗೆ ನಾನು ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋಗುತ್ತೇನೆ. ಈ ವರ್ಷ ನವೀಕರಿಸಬಹುದಾದದ್ದು ಎಂದು ತೋರಿಸಿದ ಯೂನಿಟ್‌ಗಳಲ್ಲಿ ಐದು ವರ್ಷದೊಳಗೆ ಕಟ್ಟಿದ ಘಟಕಗಳಿಂದ ಬಂದವು ಎಷ್ಟು? ನೀವು ವಿದ್ಯುತ್ ಕೊಳ್ಳುತ್ತಿರುವ ಪ್ರತಿ ಕಿರು ಜಲವಿದ್ಯುತ್ ಯೋಜನೆಯ ಅಡ್ಡಗಟ್ಟೆಯ ಕೆಳಗೆ ಜನವರಿಯಿಂದ ಮೇವರೆಗೆ ಎಷ್ಟು ನೀರು ಹರಿಯಿತು, ಅದನ್ನು ಅಳೆದವರು ಯಾರು? ಅಳತೆ ಇಲ್ಲದ ಯೋಜನೆಯ ಯೂನಿಟ್ಟನ್ನು ಬಾಧ್ಯತೆಯ ಲೆಕ್ಕದಿಂದ ಕೈಬಿಡಲು ಆಯೋಗ ಆದೇಶಿಸುತ್ತದೆಯೇ?

ಆ ಕೃಷಿಕರು ಮೂರನ್ನೂ ಬರೆದುಕೊಂಡರು. ಎರಡನೆಯದನ್ನು ತಾವೇ ಕೇಳುವುದಾಗಿ ಹೇಳಿದರು, ಅವರ ತೋಟ ಅಂಥದ್ದೊಂದು ಅಡ್ಡಗಟ್ಟೆಯ ಕೆಳಗಿದೆ.